ಸುಣ್ಣ ಬಳಿದ ಗೋಡೆಯ ಪರವಾಗಿ

ಕಳೆದ ಶನಿವಾರ ನಸುಕಿನಲ್ಲಿ ಹುಬ್ಬಳ್ಳಿ ಬಿಟ್ಟು, ಅಳ್ನಾವರ, ರಾಮನಗರ ದಾಟಿ, ಅನಮೋಡ ಘಾಟು ಇಳಿದು ಹಳೇ ಗೋವಾಕ್ಕೆ ಹೋಗಿ, ರಾತ್ರಿಯೇ ಮರಳಿ ಬಂದೆವು. ಜೊತೆಗೆ ಕಾಕಾ ಇದ್ದರು. ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದವರು.

ನಮ್ಮ ಕಡೆಯಿಂದ ಹೋಗುವವರಲ್ಲಿ ಹೆಚ್ಚಿನವರು ಸಂತ ಫ್ರಾನ್ಸಿಸ್ ಝೇವಿಯರರ ದೇಹವನ್ನಿಟ್ಟಿರುವ ಬೊಮ್ ಜೀಸಸ್ ಬೆಸಿಲಿಕಾ ಎಂಬ ಚರ್ಚಿನೊಳಗೆ ಒಂದು ಸುತ್ತು ಹಾಕಿ, ಅದರ ಕೆಂಪು ಗೋಡೆಯ ಮುಂದೆ ಫೋಟೊ ತೆಗೆಸಿಕೊಂಡು ಬೀಚಿಗೆ ಹೊರಟುಬಿಡುತ್ತಾರೆ. ರಸ್ತೆಯ ಆಚೆಗಿರುವ ಸೆ ಕ್ಯಾಥೆಡ್ರಲ್ ಬೆಳ್ಳಗೆ ಸುಣ್ಣ ಬಳಿದುಕೊಂಡು ನಿಂತಿರುವುದರಿಂದ ಅವರ ಕಣ್ಣಿಗೆ ಅಷ್ಟೇನೂ ಹಳೆಯದಾಗಿ ತೋರುವುದಿಲ್ಲ. ನಿಜದಲ್ಲಿ ಇದರ ಕಟ್ಟಡ ಆರಂಭವಾದದ್ದು 1562ರಲ್ಲಿ, ಬೆಸಿಲಿಕಾಕ್ಕಿಂತ 32 ವರ್ಷ ಮೊದಲು; ಮುಗಿಯುವಷ್ಟರಲ್ಲಿ 1619 ಬಂದಿತ್ತು. ಪೋರ್ಚುಗೀಸ್ ಸೇನಾಪತಿ ಅಲ್ಬುಕರ್ಕ್ ಬಿಜಾಪುರದ ಆದಿಲಶಾಹಿಗಳಿಂದ ಗೋವಾವನ್ನು ಗೆದ್ದ 1510ರ ನವೆಂಬರ್ 25 ಸಂತ ಕ್ಯಾಥರೀನಳ ಹಬ್ಬದ ದಿನವಾಗಿದ್ದುದರಿಂದ ಇದು ಅವಳಿಗೆ ಮೀಸಲಾಯಿತು. ಮುಂಭಾಗದ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿದ್ದುಹೋಯಿತು, ಮತ್ತೆ ಯಾರೂ ಅದನ್ನು ಕಟ್ಟಲಿಲ್ಲ. ಆ ಒಕ್ಕಣ್ಣಿನ ಮುಖವೇ ನನಗೆ ಹೆಚ್ಚು ಇಷ್ಟವಾಯಿತು. ಉಳಿದ ಗೋಪುರದಲ್ಲಿ, ನಾದದ ಸೊಗಸಿಗಾಗಿ ಸುವರ್ಣ ಘಂಟೆಯೆಂದು ಹೆಸರಾದ ದೊಡ್ಡ ಗಂಟೆಯಿದೆ.

ಆದರೆ ಕಾಕಾ ನೋಡಿದ್ದು ಗೋಪುರವನ್ನಲ್ಲ, ಗೋಡೆಯನ್ನು. ಎರಡೂ ಕಟ್ಟಡಗಳ ಮೈಯೊಳಗಿರುವುದು ಅದೇ ಜಂಬಿಟ್ಟಿಗೆ ಕಲ್ಲು. ಬೆಸಿಲಿಕಾಕ್ಕೂ ಒಂದು ಕಾಲದಲ್ಲಿ ಸುಣ್ಣದ ಗಾರೆಯಿತ್ತು. ಕಟ್ಟಡ ಪುರಾತನವಾಗಿ ಕಾಣಲೆಂದು ಪೋರ್ಚುಗೀಸರೇ 1950ರ ದಶಕದಲ್ಲಿ ಅದನ್ನು ಕೆತ್ತಿ ತೆಗೆಸಿದರು. ಜಂಬಿಟ್ಟಿಗೆ ತೂತುತೂತಾದ ಕಲ್ಲು, ನೀರು ಕುಡಿಯುತ್ತದೆ; ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಮೇಲ್ಮೈ ಸವೆದು ಉದುರದೆ ಇನ್ನೇನಾದೀತು? ಸುಣ್ಣವಾದರೆ ಮಳೆಯನ್ನು ತಡೆದು, ಒಳಗೆ ಸೇರಿದ ತೇವವನ್ನು ಆರಲೂ ಬಿಡುತ್ತದೆ. ಸಿಮೆಂಟಿಗೆ ಈ ಗುಣವಿಲ್ಲ. ಬೆಸಿಲಿಕಾದ ಗೋಡೆಯ ಹತ್ತಿರ ನಿಂತು ಕಾಕಾ, "ಅಂಗಿ ಬಿಚ್ಚಿಸಿ ಮಳಿಯಾಗ ನಿಲ್ಲಿಸ್ಯಾರಲ್ಲೋ ತಮ್ಮಾ" ಎಂದರು.

ಗಾರೆಯನ್ನು ಮತ್ತೆ ಹಚ್ಚಬೇಕೆಂಬ ಒತ್ತಾಯ ಬೆಸಿಲಿಕಾದವರಿಂದಲೇ ಬಂದಿದೆ. ಕೆಂಪು ಕಲ್ಲಿನ ಚಿತ್ರವೇ ಲೋಕಕ್ಕೆ ಪರಿಚಿತವಾಗಿರುವಾಗ ಅದನ್ನು ಮುಚ್ಚುವುದು ಬೇಡವೆನ್ನುವವರೂ ಇದ್ದಾರೆ. ನಾನು ಗಾರೆಯ ಪಕ್ಷ. ಬತ್ತಲೆ ಕಲ್ಲೇ ಅಸಲು ಎಂಬ ನಮ್ಮ ರುಚಿ ಲಕ್ಕುಂಡಿಯ ಗುಡಿಗಳಂಥ ಕಡೆ ಬೆಳೆದದ್ದಿರಬೇಕು. ಅಲ್ಲಿನ ನಯವಾದ, ಒತ್ತೊತ್ತಾದ ಕಲ್ಲು ಕೆತ್ತನೆಗಾಗಿಯೇ ಆರಿಸಿದ್ದು, ಅದರ ಮೇಲೆ ಬಣ್ಣ ಬಳಿಯುವುದು ಅಪರಾಧವೇ ಸರಿ. ಆದರೆ ಅದೇ ನ್ಯಾಯವನ್ನು ಜಂಬಿಟ್ಟಿಗೆಗೆ ಹಚ್ಚಲಾಗದು. ಅದನ್ನು ಕಟ್ಟಿದವರ ಮನಸ್ಸಿನಲ್ಲಿ ಗಾರೆಯೂ ಕಟ್ಟಡದ ಒಂದು ಭಾಗವಾಗಿತ್ತು.

ಇಷ್ಟು ಮಾತಾಡುವ ನಾನೇ ಅಳ್ನಾವರದ ನಮ್ಮ ಹಳೆಯ ಮನೆಯ ಗಾರೆ ಕಿತ್ತು ಕೆಂಪು ಕಲ್ಲು ಕಾಣುವಂತೆ ಮಾಡಬೇಕೆಂದು ಕೆಲಸದವರಿಗೆ ಮುಂಗಡ ಕೊಟ್ಟಿದ್ದೆ. ಮರಳುವ ದಾರಿಯಲ್ಲಿ ಮೊಲೆಂನಲ್ಲಿ ಚಹಾ ಕುಡಿಯುತ್ತ ಅವರಿಗೆ ಫೋನು ಮಾಡಿ, ಕೀಳುವುದು ಬೇಡ, ಅದೇ ಹಣಕ್ಕೆ ಸುಣ್ಣ ಅರೆಯುವವರನ್ನು ಹುಡುಕಿರಿ ಎಂದೆ. ಈಗ ಅಂಥವರು ಎಲ್ಲಿ ಸಿಗುತ್ತಾರೆ ಎಂದು ಅವರು ಕೇಳಿದರು. ಕಾಕಾ ಲೋಟ ಕೆಳಗಿಟ್ಟು ಫೋನಿಗಾಗಿ ಕೈ ಚಾಚಿದರು.