ಹಿಂದುಗಡೆ ರೂಮು ಕೇಳಿ

ನನ್ನ ಹೆಂಡತಿ ಗಮಕ ಕಲಿಸುತ್ತಾಳೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದನ್ನು. ವರ್ಷಕ್ಕೆ ಎರಡು ಸಲ, ಶನಿವಾರ ಭಾನುವಾರ ಸೇರಿಸಿ, ಹೊರಗಿನ ಊರಿನವರಿಗೂ ತರಗತಿ ಇಡುತ್ತಾಳೆ. ಭಾಮಿನಿ ಷಟ್ಪದಿಯನ್ನು ಯಾವ ರಾಗದಲ್ಲಿ ಎತ್ತಿಕೊಳ್ಳಬೇಕು, ಪದ ಎಲ್ಲಿ ಬಿಡಿಸಬೇಕು ಅನ್ನುವುದು ಅವಳ ಪಾಲು. ಬರುವವರು ಶಿವಮೊಗ್ಗ ಹೇಗೆ ಸೇರಬೇಕು, ಎಲ್ಲಿ ಉಳಿಯಬೇಕು ಅನ್ನುವುದು ನನ್ನ ಪಾಲು. ಎಲ್ಲರಿಗೂ ವಾಟ್ಸಾಪಿನಲ್ಲಿ ಒಂದು ಚೀಟಿ ಕಳಿಸುತ್ತೇನೆ. ಮೊದಲ ವರ್ಷ ಅದು ಮೂರೇ ಸಾಲಿತ್ತು. ಈಗ ಓದಿ ಮುಗಿಸುವಷ್ಟರಲ್ಲಿ ಕೈಯಲ್ಲಿರುವ ಕಾಫಿ ಆರಿರುತ್ತದೆ. ಒಂದೊಂದು ಸಾಲಿನ ಹಿಂದೆಯೂ ಯಾರೋ ಒಬ್ಬರು ಪಟ್ಟ ಪಾಡಿದೆ.

"ರೈಲಿನಲ್ಲಿ ಅಲಾರಾಂ ಇಟ್ಟುಕೊಂಡು ಮಲಗಿ" ಅನ್ನುವುದು ಮೊದಲು ಸೇರಿದ ಸಾಲು. ಮೈಸೂರಿನಿಂದ ಹೊರಟು ಬೆಂಗಳೂರಿನ ಮೇಲೆ ಬರುವ ತಾಳಗುಪ್ಪದ ರಾತ್ರಿ ರೈಲು ನಮ್ಮೂರಿಗೆ ಇನ್ನೂ ಬೆಳಕು ಹರಿಯದಾಗ ಬರುತ್ತದೆ. ಬಂದು, ಸ್ವಲ್ಪ ನಿಂತು, ಮುಂದೆ ಹೋಗುತ್ತದೆ. ಮೈಸೂರಿನ ಬ್ಯಾಂಕ್ ನೌಕರರೊಬ್ಬರು ಕಣ್ಣು ಬಿಟ್ಟಾಗ ಕಿಟಕಿಯಾಚೆ ಸಾಗರ ಜಂಬಗಾರು ಅಂತ ಬೋರ್ಡು ಕಂಡಿತಂತೆ. ಅಲ್ಲಿಂದ ಬಸ್ಸು ಹಿಡಿದು ಎಪ್ಪತ್ತು ಚಿಲ್ಲರೆ ಕಿಲೋಮೀಟರ್ ವಾಪಸ್ ಬಂದರು. ಸಾಗರದಲ್ಲೇ ತಿಂಡಿ ಮುಗಿಸಿದ್ದರು, ಅದೊಂದು ಸಮಾಧಾನ. ಬೆಂಗಳೂರಿನ ನಿದ್ದೆಬುರುಕರಿಗೆ ನಾನು ಜನಶತಾಬ್ದಿಯನ್ನೇ ಹೇಳುವುದು. ಅದು ಶಿವಮೊಗ್ಗ ಟೌನ್‌ನಲ್ಲೇ ಮುಗಿಯುತ್ತದೆ, ಎಷ್ಟು ಗೊರಕೆ ಹೊಡೆದರೂ ಮುಂದೆ ಒಯ್ಯುವುದಿಲ್ಲ. ಸೋಗಾನೆಯಲ್ಲಿ 2023ರಿಂದ ವಿಮಾನವೂ ಇಳಿಯುತ್ತದೆ. ಗಮಕ ಕಲಿಯಲು ಆಕಾಶದಿಂದ ಇಳಿದು ಬಂದವರು ಮಾತ್ರ ಇನ್ನೂ ಯಾರೂ ಇಲ್ಲ.

ಸ್ವೆಟರ್‌ದು ಇನ್ನೊಂದು ಸಾಲು. ಏಪ್ರಿಲ್ ತಿಂಗಳ ತರಗತಿಗೆ ಹುಬ್ಬಳ್ಳಿಯ ದಂಪತಿ ಸ್ವೆಟರ್, ಮಫ್ಲರ್ ಎಲ್ಲ ಹೊತ್ತುಕೊಂಡು ಬಂದಿದ್ದರು. ಮಲೆನಾಡು ಅಲ್ವಾ ಅಂತ. ಶಿವಮೊಗ್ಗ ಮಲೆನಾಡಿನ ಹೆಬ್ಬಾಗಿಲು, ನಿಜ. ಆದರೆ ಹೆಬ್ಬಾಗಿಲಲ್ಲಿ ನಿಂತವರಿಗೆ ಒಳಮನೆಯ ತಂಪು ಎಲ್ಲಿ ಸಿಗಬೇಕು? ತೀರ್ಥಹಳ್ಳಿ ದಾರಿಯಲ್ಲಿ ಗಾಜನೂರು ದಾಟಿದ ಮೇಲೆ ಅದರ ಕಥೆ. ಏಪ್ರಿಲ್‌ನಲ್ಲಿ ಇಲ್ಲಿ ಫ್ಯಾನು ತಿರುಗಿದರೆ ಅದೇ ಪುಣ್ಯ. ಜುಲೈಯಲ್ಲಿ ಬರುವವರಿಗೆ ಕೊಡೆ ತನ್ನಿ ಅಂತ ಯಾರೂ ಹೇಳಬೇಕಿಲ್ಲ. ಬಟ್ಟೆ ಒಂದು ಜೊತೆ ಜಾಸ್ತಿ ತನ್ನಿ ಅಂತ ಹೇಳಬೇಕು, ಒಗೆದದ್ದು ಒಣಗುವುದಿಲ್ಲ.

"ಜೋಗ ಇಲ್ಲೇ ಹತ್ತಿರ ಅಲ್ವಾ ಸಾರ್, ಐದಕ್ಕೆ ಕ್ಲಾಸು ಬಿಟ್ಟ ಮೇಲೆ ಹೋಗಿ ಬರಬಹುದಾ?" ಪ್ರತಿ ಸಲವೂ ಒಬ್ಬರು ಕೇಳುತ್ತಾರೆ. ನೂರು ಕಿಲೋಮೀಟರ್ ಅಂದರೆ ಮುಖ ಸಣ್ಣದಾಗುತ್ತದೆ. ಸಕ್ರೆಬೈಲಿನ ಆನೆಗಳನ್ನಾದರೂ ನೋಡೋಣ ಅಂದರೆ ಅವು ಬೆಳಿಗ್ಗೆ ಹೊಳೆಯಲ್ಲಿ ಮೈ ತೊಳೆಸಿಕೊಂಡು ಕಾಡಿಗೆ ಹೋಗಿಬಿಡುತ್ತವೆ. ನಮ್ಮ ತರಗತಿ ಮುಗಿಯಲಿ ಅಂತ ಅವು ಕಾಯುವುದಿಲ್ಲ. ಹಾಗಾಗಿ ಭಾನುವಾರ ಸಂಜೆಗೆ ಹೊಸಹಳ್ಳಿ ಅಂತ ಬರೆದಿದ್ದೇನೆ. ಗಮಕಕ್ಕೆ ಹೆಸರಾದ ಊರು. ಹೊಳೆಯಾಚೆ ಸಂಸ್ಕೃತಕ್ಕೆ ಹೆಸರಾದ ಮತ್ತೂರು. ಎರಡೂ ಪೇಟೆಯಿಂದ ಹತ್ತು ಕಿಲೋಮೀಟರಿನ ಒಳಗೇ ಇವೆ. ಕಲಿತ ಎರಡು ಪದ್ಯವನ್ನು ಹೊಳೆ ದಂಡೆಯಲ್ಲಿ ಕೂತು ಹಾಡಿದರೆ ಮೀನುಗಳೇನೂ ತಪ್ಪು ಹಿಡಿಯುವುದಿಲ್ಲ. ಬಾಟಲಿ ನೀರು ಹೊತ್ತು ತರುವವರನ್ನು ಕಂಡರೆ ಮಾತ್ರ ನನಗೆ ಒಳಗೊಳಗೇ ಸಿಟ್ಟು. ಗಂಗಾ ಸ್ನಾನ, ತುಂಗಾ ಪಾನ ಅಂತ ಹಿರಿಯರು ಸುಮ್ನೆ ಹೇಳಿದರಾ?

ಇನ್ನು ಲಾಡ್ಜು. "ಬಿ.ಎಚ್. ರಸ್ತೆಯಲ್ಲಿ ಇದೆ" ಅಂದರೆ ಸಾಲದು. ಅದು ಬೆಂಗಳೂರು–ಹೊನ್ನಾವರ ರಸ್ತೆ, ಊರಿನ ಹೊಟ್ಟೆಯೊಳಗೇ ಹಾದು ಹೋಗುತ್ತದೆ. ಯಾವ ಸರ್ಕಲ್ಲಿನ ಹತ್ತಿರ ಅಂತ ಕೇಳಿಕೊಳ್ಳಬೇಕು. ಬಾಡಿಗೆಗಿಂತ ಮೊದಲು ಕೇಳಬೇಕಾದ್ದು, ಇಪ್ಪತ್ನಾಲ್ಕು ಗಂಟೆ ಲೆಕ್ಕವೋ ಮಧ್ಯಾಹ್ನ ಹನ್ನೆರಡರ ಲೆಕ್ಕವೋ ಅಂತ. ಬೆಳಗಿನ ಜಾವ ಐದಕ್ಕೆ ಬಂದವರಿಗೆ ಹನ್ನೆರಡರ ಲೆಕ್ಕ ಹಾಕಿದರೆ ಏಳು ಗಂಟೆಗೇ ಒಂದು ದಿನದ ದುಡ್ಡು ಮುಗಿಯಿತು. ಇಪ್ಪತ್ನಾಲ್ಕು ಗಂಟೆ ಅಂದರೆ ಮಾರನೆ ದಿನ ಐದಕ್ಕೇ ಬಾಗಿಲು ಬಡಿದಾರು.

ಇಷ್ಟೆಲ್ಲ ಬರೆಯುವ ನಾನು ಶಿವಮೊಗ್ಗದ ಒಂದು ಲಾಡ್ಜಿನಲ್ಲೂ ಮಲಗಿದವನಲ್ಲ. ಯಾಕೆ ಮಲಗಲಿ, ಮನೆ ಇದೆಯಲ್ಲ. ಊರಿನವರನ್ನು ಊರಿನ ಲಾಡ್ಜಿನ ಬಗ್ಗೆ ಕೇಳುವುದು ಅಂದರೆ ನಿತ್ಯ ಮನೆಯೂಟ ಉಣ್ಣುವವನನ್ನು ಯಾವ ಮೆಸ್ಸು ಚೆನ್ನಾಗಿದೆ ಅಂತ ಕೇಳಿದ ಹಾಗೆ. ಆದರೂ ಧೈರ್ಯವಾಗಿ ಬರೆದುಕೊಂಡು ಬಂದೆ, ಹೋದ ಮಳೆಗಾಲದವರೆಗೆ.

ಆ ಸಲ ನಮ್ಮ ಅಮ್ಮ ನನ್ನ ಚೀಟಿಯನ್ನು ಯಾರಿಂದಲೋ ಓದಿಸಿಕೊಂಡರು. "ಎಂತಕ್ಕೆ ಲಾಡ್ಜು? ದುಡ್ಡು ಕೊಟ್ಟು ಮಲಗೋದು ಎಂತ ಚಂದ? ನಮ್ಮನೇಲಿ ಜಾಗ ಇಲ್ವಾ?" ಅಂದವರು ಶುಕ್ರವಾರ ಸಂಜೆಯೇ ಬಂದಿಳಿದ ಆರು ಜನ ಹೆಂಗಸರನ್ನು ಮನೆಗೇ ಕರೆದರು. ಕೊಟ್ಟೆ ಕಡುಬು ಬೆಂದವು. ಹಂಡೆಗೆ ಉರಿ ಬಿತ್ತು. ಎಲ್ಲರಿಗೂ ಹಾಸಿಗೆ ಹಾಸಿದ ಮೇಲೆ ಉಳಿದವನು ನಾನೊಬ್ಬ. ಹೆಂಡತಿ ನನ್ನನ್ನು ನೋಡಿದಳು. ನಾನು ಕೊಡೆ ತಗೊಂಡೆ.

ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿನ ಕೌಂಟರಿನ ಹುಡುಗ ನನ್ನ ಆಧಾರ್ ಕಾರ್ಡನ್ನು ಎರಡು ಸಲ ಓದಿದ.

"ಇದೇ ಊರು ಅಂತಿದೆ, ಸಾರ್."

"ಹೌದು."

"ಲೋಕಲ್ಲಿನವರಿಗೆ ಕೊಡಲ್ಲ ಸಾರ್."

"ಗಮಕದ ಕ್ಲಾಸಿದೆ, ಮನೆ ತುಂಬ ಜನ" ಅಂದೆ. ಅವನು ನನ್ನ ಒದ್ದೆ ಪಂಚೆಯನ್ನೂ ಬ್ಯಾಗಿಲ್ಲದ ಕೈಯನ್ನೂ ನೋಡಿದ. ಏನನ್ನಿಸಿತೋ, ಬೀಗದ ಕೈ ಕೊಟ್ಟ.

ರೂಮು ರಸ್ತೆಯ ಕಡೆಗಿತ್ತು. ಹನ್ನೊಂದರವರೆಗೆ ಬೆಂಗಳೂರಿಗೆ ಹೊರಟ ಬಸ್ಸುಗಳ ಹಾರ್ನು. ಬೆಳಗಿನ ಜಾವ ಯಾವನೋ ನನ್ನ ಕಿಟಕಿಯ ಕೆಳಗೇ ನಿಂತು "ತೀರ್ಥಳ್ಳಿ ತೀರ್ಥಳ್ಳಿ ತೀರ್ಥಳ್ಳಿ" ಅಂತ ಶುರು ಮಾಡಿದ. ಬಿಸಿನೀರು ಆರರಿಂದ ಎಂಟು ಅಂತ ಗೋಡೆಯ ಮೇಲೆ ಬರೆದಿತ್ತು. ಆರೂವರೆಗೂ ತಣ್ಣಗೇ ಬಂತು. ಮಂಚದ ಮೇಲೆ ಕೂತೇ ಚೀಟಿಗೆ ಹೊಸ ಸಾಲು ಸೇರಿಸಿದೆ: ಹಿಂದುಗಡೆ ರೂಮು ಕೇಳಿ.

ಕೆಳಗಿಳಿದು ಬೀಗದ ಕೈ ಕೊಟ್ಟೆ. ಹುಡುಗ ಮೆಲ್ಲಗೆ ಅಂದ, "ಏನೂ ಯೋಚನೆ ಮಾಡ್ಬೇಡಿ ಸಾರ್. ಅಮ್ಮಾವ್ರಿಗೆ ಒಂದು ಮೊಳ ಮಲ್ಲಿಗೆ ತಗೊಂಡು ಹೋಗಿ, ಸರಿ ಹೋಗುತ್ತೆ."

ಹೂವಿನವಳು ಬಸ್ ಸ್ಟ್ಯಾಂಡಿನ ಬಾಗಿಲಲ್ಲೇ ಕೂತಿದ್ದಳು. ಎಂಟು ಮೊಳ ತಗೊಂಡೆ.