ಆ ಒಂಟೆಗೆ ಕನ್ನಡ ಬರುತ್ತಿತ್ತೇ?

ನಿನ್ನೆ ಸಂಜೆ ನಾನು ಇಂಗ್ಲಿಷ್ ಪರೀಕ್ಷಕನಾಗಿದ್ದೆ. ನಗಬೇಡಿ. ಇಪ್ಪತ್ತಾರು ವರ್ಷ ಪಿಯು ಮಕ್ಕಳಿಗೆ ಹಳಗನ್ನಡದ ಪದ್ಯ ಬಿಡಿಸಿ ಹೇಳಿದವನು, ಯಾರಾದರೂ ಇಂಗ್ಲಿಷಿನಲ್ಲಿ ಮಾತನಾಡಿಸಿದರೆ ಕನ್ನಡಕ ಒರೆಸುತ್ತಾ ನಿಲ್ಲುವವನು ಎಂಬುದು ನಿಮಗೆಲ್ಲ ಗೊತ್ತೇ ಇದೆ. ತಂಗಿಯ ಮಗಳಿಗೆ ಬೇರೆ ಯಾರೂ ಸಿಕ್ಕಿರಲಿಲ್ಲ, ಅಷ್ಟೇ.

ಅವಳು ನರ್ಸಿಂಗ್ ಮುಗಿಸಿ ಇಂಗ್ಲೆಂಡಿಗೆ ಹೊರಟಿದ್ದಾಳೆ. ಅದಕ್ಕೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ. ಮಾತಿನ ಭಾಗದಲ್ಲಿ 9ಕ್ಕೆ 7 ಬರಲೇಬೇಕು. ಒಟ್ಟು 11ರಿಂದ 14 ನಿಮಿಷ. ನಡುವೆ ಕೈಗೊಂದು ಚೀಟಿ ಕೊಡುತ್ತಾರೆ. 1 ನಿಮಿಷ ಯೋಚಿಸಿಕೊಂಡು, ಹೆಚ್ಚೆಂದರೆ 2 ನಿಮಿಷ ಮಾತನಾಡಬೇಕು. ಆಮೇಲೆ ಪರೀಕ್ಷಕರು ಅದೇ ಎಳೆ ಹಿಡಿದು ಕೆದಕುತ್ತಾರೆ. ಇದಕ್ಕೆಂದು ಹಣ ಕಟ್ಟಿ ಸೇರಿದ ತರಬೇತಿ ಕೇಂದ್ರದವರು ಮಾಧ್ಯಮ, ತಂತ್ರಜ್ಞಾನ, ಜಾಹೀರಾತು ಎಂದು ಕಟ್ಟುಗಟ್ಟಲೆ ಹಾಳೆ ಕೊಟ್ಟಿದ್ದಾರೆ.

ನಾನು ಗತ್ತಿನಿಂದ ಚೀಟಿ ಕೊಟ್ಟೆ: ನಿನಗೆ ನೆನಪಿರುವ ಒಂದು ಜಾಹೀರಾತಿನ ಬಗ್ಗೆ ಹೇಳು.

ಹುಡುಗಿ ಕಣ್ಣು ಮೇಲೆ ಮಾಡಿ ಶುರುಮಾಡಿದಳು. ಇಂದಿನ ಆಧುನಿಕ ಯುಗದಲ್ಲಿ ಜಾಹೀರಾತುಗಳು ಮಹತ್ವದ ಪಾತ್ರ ವಹಿಸುತ್ತವೆ. ಪ್ರತಿಯೊಂದು ನಾಣ್ಯಕ್ಕೂ ಎರಡು ಮುಖಗಳಿವೆ. ನಾನು ಕಂಡ ಜಾಹೀರಾತು ಒಂದು ಪ್ರಸಿದ್ಧ ವಿದೇಶಿ ಫೋನಿನದು, ಅದು ನನ್ನ ಜೀವನವನ್ನೇ ಬದಲಿಸಿತು. ಎಲ್ಲಿಯೂ ತಡವರಿಸಲಿಲ್ಲ, ಸಹಸ್ರನಾಮ ಹೇಳಿದ ಹಾಗೆ. ಅವಳ ಕೈಯಲ್ಲಿರುವುದು ಅಪ್ಪ ಬಳಸಿ ಬಿಟ್ಟ ಫೋನು. ಅದು ಬದಲಿಸಿದ್ದೇನಾದರೂ ಇದ್ದರೆ ನಮ್ಮ ತಾಳ್ಮೆಯನ್ನು.

ಇದಕ್ಕಿಂತ ಐದು ನಿಮಿಷ ಮುಂಚೆ ಅಡುಗೆಮನೆಯಲ್ಲಿ ನಡೆದದ್ದನ್ನು ಕೇಳಿ. ತಂಗಿ ದಿನಸಿ ಚೀಲದಿಂದ ಮೈಸೂರು ಸ್ಯಾಂಡಲ್ ಸೋಪು ತೆಗೆದು ಇಡುತ್ತಾ, ಎರಡು ವರ್ಷಕ್ಕೆ 6.2 ಕೋಟಿ ಕೊಟ್ಟು ತಮನ್ನಾ ಭಾಟಿಯಾ ಅವರನ್ನು ರಾಯಭಾರಿ ಮಾಡಿದ ಹಳೆಯ ಜಗಳ ತೆಗೆದಳು. ಕನ್ನಡದ ನಟಿಯರು ಇರಲಿಲ್ಲವೇ ಎಂದಳು. ನಾನೂ ಹೂಂಗುಟ್ಟಿದೆ. ಈ ಹುಡುಗಿ ಚಪಾತಿ ಲಟ್ಟಿಸುತ್ತಲೇ ನಮ್ಮಿಬ್ಬರನ್ನೂ ಹಿಡಿದುಕೊಂಡಳು. "ಇಲ್ಲಿ ಕೊಳ್ಳುವವರು ಹೇಗೂ ಕೊಳ್ಳುತ್ತಾರಮ್ಮ, ಮಾರಬೇಕಾಗಿರುವುದು ಹೊರಗೆ. 2006ರಲ್ಲಿ ಧೋನಿಯನ್ನು ತಂದಿದ್ದರಂತೆ, ಅವರೇನು ದಾವಣಗೆರೆಯವರೇ?"

ನಾನು ಮೇಷ್ಟ್ರಲ್ಲವೇ, ಸುಮ್ಮನಿರಲಾಗಲಿಲ್ಲ. 1916ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆ ಅದು, ಆಗ ಟ್ರಾಮ್ ಟಿಕೆಟ್ಟಿನಲ್ಲಿ, ಬೆಂಕಿಪೊಟ್ಟಣದ ಮೇಲೆಲ್ಲ ಜಾಹೀರಾತು ಮಾಡಿದ್ದರು, ಕರಾಚಿಯಲ್ಲಂತೂ ಒಂಟೆಗಳ ಮೆರವಣಿಗೆಯನ್ನೇ ತೆಗೆದಿದ್ದರು, ಯಾವ ತಾರೆಯೂ ಬೇಕಾಗಿರಲಿಲ್ಲ ಎಂದೆ.

ಲಟ್ಟಣಿಗೆ ನಿಂತಿತು. "ಆ ಒಂಟೆಗೆ ಕನ್ನಡ ಬರುತ್ತಿತ್ತೇ ಮಾವ?"

ನನ್ನ ಬಾಯಿ ಮುಚ್ಚಿತು. ಈಗಲೂ ನಾನು ಅವಳ ಮಾತನ್ನು ಪೂರ್ತಿ ಒಪ್ಪಿಲ್ಲ, ಆದರೆ ಉತ್ತರವೂ ಹೊಳೆದಿಲ್ಲ.

ಇಂಥ ನಾಲಿಗೆಯ ಹುಡುಗಿ ಪರೀಕ್ಷೆಯ ಚೀಟಿ ಕಂಡೊಡನೆ ನಾಣ್ಯದ ಎರಡು ಮುಖ ಎಣಿಸುತ್ತಾಳೆ! ಸೋಪಿನ ಕಥೆಯನ್ನೇ ಹೇಳಬಾರದೇ ಎಂದರೆ, "ಸ್ಥಳೀಯ ವಿಷಯ ಹೇಳಿದರೆ ಅಂಕ ಹೋಗುತ್ತದೆ ಎಂದಿದ್ದಾರೆ ನಮ್ಮ ಸರ್" ಎಂದಳು. ಎಲ್ಲಿ ಬರೆದಿದೆ ಸ್ವಾಮಿ? ನಿರರ್ಗಳತೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ, ಈ ನಾಲ್ಕಕ್ಕೆ ಸಮನಾಗಿ ಅಂಕ. ಜಾಹೀರಾತು ಲಂಡನ್ನಿನದೋ ನಮ್ಮೂರಿನದೋ ಎಂಬ ಐದನೆಯ ಅಂಕಣ ಅದರಲ್ಲಿಲ್ಲ. ಅಷ್ಟೇ ಅಲ್ಲ, ಬಾಯಿಪಾಠದ ಉತ್ತರವನ್ನು ಗುರುತಿಸುವುದು ಆ ಪರೀಕ್ಷಕರ ಕಸುಬಿನಲ್ಲೇ ಸೇರಿದೆ. ದುಡ್ಡು ತೆತ್ತು ಹುಡುಗಿ ಕಲಿತದ್ದು ಸಿಕ್ಕಿಬೀಳುವ ವಿದ್ಯೆಯನ್ನು.

ಹೆದರುವ ಮಕ್ಕಳಿಗೆ ಹಿಡಿದುಕೊಳ್ಳಲು ನಾಲ್ಕು ಸಿದ್ಧವಾಕ್ಯ ಬೇಡವೇ ಎಂದು ಕೆಲವರು ಕೇಳುತ್ತೀರಿ. ಬೇಕು, ನಡೆಯಲು ಬಾರದ ಮಗುವಿಗೆ ಗೋಡೆ ಬೇಕಾದ ಹಾಗೆ. ಆದರೆ ಇವರು ಮಗುವನ್ನು ಗೋಡೆಗೇ ಕಟ್ಟಿಹಾಕಿ ಶುಲ್ಕದ ರಸೀದಿ ಹರಿಯುತ್ತಾರೆ. ಫೋನಿನ ಕಥೆ ಮುಗಿದ ಮೇಲೆ, ಜಾಹೀರಾತು ಮಕ್ಕಳ ಮೇಲೆ ಏನು ಮಾಡುತ್ತದೆ ಎಂದು ನಾನು ಕೆದಕಿದೆ. ಅವಳು ಗಪ್‌ಚಿಪ್. ಆ ಹಾಳೆ ಇನ್ನೂ ಕೊಟ್ಟಿಲ್ಲವಂತೆ.

ಇನ್ನೂ ನಾಲ್ಕು ಸಾಲು ಬೈಯುವವನಿದ್ದೆ. ಅಷ್ಟರಲ್ಲಿ ಅಟ್ಟದ ಮೇಲಿನ ನನ್ನ ಹಳೆಯ ಟಿಪ್ಪಣಿ ಪುಸ್ತಕ ನೆನಪಾಯಿತು. "ಇಂದಿನ ಆಧುನಿಕ ಯುಗದಲ್ಲಿ ದೂರದರ್ಶನವು ಮಹತ್ವದ ಪಾತ್ರ ವಹಿಸುತ್ತದೆ." ಪ್ರಬಂಧಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ವರ್ಷ ವರ್ಷವೂ ನಿಧಾನವಾಗಿ, ಅಲ್ಪವಿರಾಮದ ಸಮೇತ, ಮಕ್ಕಳಿಗೆ ಬರೆಸಿದವನು ನಾನೇ. ದೂರದರ್ಶನ ಅಳಿಸಿ ಮೊಬೈಲ್ ಎಂದು ತಿದ್ದಿಸಿದ್ದೂ ನಾನೇ. ಈ ಹುಡುಗಿಯೂ ನನ್ನ ತರಗತಿಯಲ್ಲಿ ಕುಳಿತಿದ್ದಳು. ಆ ಕೇಂದ್ರದವರು ಅದನ್ನು ಇಂಗ್ಲಿಷಿಗೆ ತಿರುಗಿಸಿಕೊಟ್ಟಿದ್ದಾರೆ, ಅಷ್ಟೇ. ಅವರ ಮೇಲಿನ ಸಿಟ್ಟು ಇಳಿದಿಲ್ಲ, ಪಾಲುದಾರನೊಬ್ಬ ಸಿಕ್ಕಿದ್ದಾನೆ.

ಊಟವಾದ ಮೇಲೆ ಹಾಳೆ ಕಿತ್ತಿಟ್ಟು ಒಂಟೆಯ ಕಥೆಯನ್ನೇ ಹೇಳು ಎಂದೆ. ಮೆರವಣಿಗೆಗೆ ಪದ ಸಿಗದೆ "ತುಂಬಾ ಒಂಟೆಗಳು ಒಂದರ ಹಿಂದೆ ಒಂದು" ಎಂದು ಸುತ್ತಿ ಬಳಸಿ ಹೇಳಿದಳು. ಕ್ರಿಯಾಪದಗಳು ಎಡವಿದವು. ಕೈ ಮಾತ್ರ ಚಪಾತಿ ಲಟ್ಟಿಸುವಾಗಿನಂತೆಯೇ ಆಡುತ್ತಿತ್ತು. ನನಗೂ ಅರ್ಥವಾಯಿತು, ಅದೇ ದೊಡ್ಡದು. ಗಡಿಯಾರ ನೋಡುವುದನ್ನು ಪರೀಕ್ಷಕ ಮರೆತಿದ್ದ.

ಸೋಪಿನ ಡಬ್ಬಿಯ ಮೇಲಿನ ಲಾಂಛನದ ಹತ್ತಿರ ಬಂದು ನಿಂತಳು. "ಶರಭಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಮಾವ?"

"ಆನೆಯ ತಲೆ, ಸಿಂಹದ ಮೈ. ಕಂಡದ್ದನ್ನು ಹೇಳು."

ಹೇಳಿದಳು. ಪಾಪ, ಆ ಬಿಳಿಯ ಪರೀಕ್ಷಕ ಏನೆಂದುಕೊಳ್ಳುತ್ತಾನೋ.