ನಾಳೆ ರಜೆ ಇಲ್ಲ, ಲಿಂಕ್ ಇದೆ

ದಸರಾ ರಜೆಗೆ ಇನ್ನೆರಡೇ ದಿನ ಇರುತ್ತದೆ. ರಾತ್ರಿ ಒಂಬತ್ತೂವರೆಗೆ ತರಗತಿಯ ವಾಟ್ಸಾಪ್ ಗುಂಪು ಟಿಂಗ್ ಅನ್ನುತ್ತದೆ: ‘ಮಳೆಯ ಕಾರಣ ನಾಳೆ ಶಾಲೆ ಆನ್‌ಲೈನ್. ಮಕ್ಕಳು ಯೂನಿಫಾರ್ಮ್‌ನಲ್ಲಿರತಕ್ಕದ್ದು.’ ಯೂನಿಫಾರ್ಮ್ ಎಂದರೆ ಶರ್ಟು ಮಾತ್ರ. ಕ್ಯಾಮೆರಾ ಸೊಂಟದಿಂದ ಕೆಳಗೆ ನೋಡುವುದಿಲ್ಲವೆಂದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು.

ಬೆಂಗಳೂರಿನಲ್ಲಿ ಸೆಪ್ಟೆಂಬರ್–ಅಕ್ಟೋಬರ್ ಎಂದರೆ ಮಳೆ ಜೋರು. ಬಂದ್‌ಗಳೂ ಕೆಲವು ಸಲ ಇದೇ ಹೊತ್ತಿಗೆ ಬಂದು ಕೂರುತ್ತವೆ. 2023ರಲ್ಲಿ ಕಾವೇರಿ ನೀರಿಗಾಗಿ ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್. ಒಂದೇ ವಾರದಲ್ಲಿ ಎರಡು! ಹಿಂದೆಲ್ಲ ಇಂಥ ಅನಿರೀಕ್ಷಿತ ರಜೆಯ ರುಚಿ ದಸರಾ ರಜೆಗೂ ಇರುತ್ತಿರಲಿಲ್ಲ. ಈಗ ಬಸ್ಸು ನಿಲ್ಲಿಸಬಹುದು, ಅಂಗಡಿ ಮುಚ್ಚಿಸಬಹುದು, ಗಣಿತದ ಪೀರಿಯಡ್ಡನ್ನು ಮಾತ್ರ ಯಾವ ಸಂಘಟನೆಯೂ ನಿಲ್ಲಿಸಲಾರದು.

ಇದೆಲ್ಲ ಕೊರೋನಾ ಕಾಲದ ಬಳುವಳಿ. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದಿತು. ಜುಲೈನಲ್ಲಿ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಅಕ್ಟೋಬರ್ 12ರಿಂದ 30ರವರೆಗೆ ಮಧ್ಯಂತರ ರಜೆಯನ್ನೂ ಘೋಷಿಸಿದರು. ಮಾರ್ಚ್‌ನಿಂದ ಮನೆಯಲ್ಲೇ ಇದ್ದ ಮಕ್ಕಳು ಆ ರಜೆಗೆ ಊಟದ ಮೇಜಿನಿಂದ ಸೋಫಾಕ್ಕೆ ಹೋದರು. ಜೂಮ್‌ನ ಉಚಿತ ಸಭೆ 40 ನಿಮಿಷಕ್ಕೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಶಾಲೆಯ ಪೀರಿಯಡ್ಡೂ ಹೆಚ್ಚುಕಮ್ಮಿ ಅಷ್ಟೇ. ಹಾಜರಿ ಹಾಕುವುದರಲ್ಲಿ, ‘ಮಿಸ್, ಕೇಳಿಸ್ತಿಲ್ಲ’ ಎನ್ನುವುದರಲ್ಲಿ ಹತ್ತು ನಿಮಿಷ ಹೋಗುತ್ತಿದ್ದುದರಿಂದ ಭಾಗಾಕಾರದ ಶೇಷ ಎಷ್ಟೆಂದು ತಿಳಿಯುವ ಮೊದಲೇ ಪರದೆ ಕಪ್ಪಾಗುತ್ತಿತ್ತು.

ಇಷ್ಟಾಗಿಯೂ ಶಾಲೆಗಳು ಇದನ್ನು ಬಿಟ್ಟಿಲ್ಲ. ಮೊದಲು ಹೋಮ್‌ವರ್ಕಿನ ಫೋಟೊ ವಿಚಾರ ಮುಗಿಸಿಬಿಡುವುದು ಒಳ್ಳೆಯದು.

ಮಗು ಬರೆದದ್ದನ್ನು ಸಂಜೆಯೊಳಗೆ ಫೋಟೊ ತೆಗೆದು ಕಳಿಸಬೇಕು. ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಫೋನಿನ ನೆರಳು, ತೆಗೆಯುವವರ ತಲೆಯ ನೆರಳು ಎರಡೂ ಪುಟದ ನಡುಮಧ್ಯೆ. ಫ್ಲ್ಯಾಶ್ ಹಾಕಿದರೆ ಪೆನ್ಸಿಲ್ ಬರಹ ಹೊಳೆದು ಬೆಳ್ಳಗಾಗುತ್ತದೆ. ಪಕ್ಕದಿಂದ ಕಿಟಕಿಯ ಬೆಳಕು ಬೀಳಬೇಕು. 30-40 ಸೈಟಿನ ಮನೆಯಲ್ಲಿ ಕಿಟಕಿ ತೆಗೆದರೆ ಕಾಣುವುದು ಪಕ್ಕದ ಮನೆಯ ಗೋಡೆ. ತಾರಸಿಗೆ ಹೋಗೋಣವೆಂದರೆ ಅಲ್ಲಿ ಮಳೆ. ಮಳೆ ಇಲ್ಲದಿದ್ದರೆ ಮಗು ಶಾಲೆಗೇ ಹೋಗಿರುತ್ತಿತ್ತು.

ಸ್ಕ್ಯಾನ್ ಮಾಡುವ ಆ್ಯಪ್ ಬಳಸುವವರು ಕಪ್ಪು–ಬಿಳುಪು ಫಿಲ್ಟರ್ ಒತ್ತುತ್ತಾರೆ. ಒತ್ತಬಾರದು. ಮೆಲ್ಲಗೆ ಬರೆಯುವ ಮಗುವಿನ ಪೆನ್ಸಿಲ್ ಅಕ್ಷರವನ್ನು ಅದು ಕಲೆಯೆಂದು ಅಳಿಸಿಹಾಕುತ್ತದೆ, ನಾಲ್ಕು ಗೆರೆ ಕಾಪಿಯ ಕೆಂಪು, ನೀಲಿ ಗೆರೆಗಳನ್ನು ಮಾತ್ರ ಕಪ್ಪಗೆ ಉಳಿಸುತ್ತದೆ. ಟೀಚರ್‌ಗೆ ತಲುಪುವುದು ಅಂದವಾದ ಗೆರೆಗಳು. ಬೂದುಬಣ್ಣದ ಫಿಲ್ಟರ್ ಸಾಕು. ಹೊಲಿಗೆಯ ಹತ್ತಿರ ಪುಟ ಉಬ್ಬುವುದರಿಂದ ಅಲ್ಲಿನ ಪದಗಳು ವಾಲುತ್ತವೆ. ಎರಡು ಕ್ಲಿಪ್ ಹಾಕಿ ಚಪ್ಪಟೆ ಮಾಡಬೇಕು.

ಕನ್ನಡ ಕಾಪಿಗೆ ಇನ್ನೊಂದು ಪಜೀತಿ. ವಾಟ್ಸಾಪ್‌ನಲ್ಲಿ ಹಾಗೇ ಕಳಿಸಿದರೆ ಮೂರು–ನಾಲ್ಕು ಎಂಬಿಯ ಫೋಟೊ ಕೆಲವು ನೂರು ಕೆಬಿಗೆ ಇಳಿಯುತ್ತದೆ. ದೊಡ್ಡ ಅಕ್ಷರ ಹೇಗೋ ಬದುಕುತ್ತದೆ, ಹೊಟ್ಟೆ ಸೀಳಿದ್ದು ಬದುಕುವುದಿಲ್ಲ. ‘ಧನ’ ಬರೆದವನು ‘ದನ’ ಬರೆದಂತಾಗುತ್ತದೆ. ‘ಥ’ದೊಳಗಿನ ಚುಕ್ಕೆ ಹೋದರೆ ಅದು ‘ಧ’. ಮಹಾಪ್ರಾಣ ತಪ್ಪಿದ್ದು ಮಗುವೋ ಫೋನೋ ಎಂದು ತೀರ್ಮಾನಿಸಲು ಟೀಚರ್ ಎರಡು ಬೆರಳಲ್ಲಿ ಫೋಟೊ ಹಿಗ್ಗಿಸುತ್ತಾ ಕೂರಬೇಕು. ನಲವತ್ತು ಮಕ್ಕಳು, ತಲಾ ಐದು ಪುಟವಾದರೆ ಇನ್ನೂರು ಸಲ. ಅದರಲ್ಲೂ ಕೆಲವು ಅಡ್ಡ, ಕೆಲವು ತಲೆಕೆಳಗು. ಐದನೇ ಪುಟ ಮೊದಲು, ಒಂದನೇ ಪುಟ ಮಾರನೇ ದಿನ.

ಉಪಾಯವಿಲ್ಲದೆ ಇಲ್ಲ. ಫೋಟೊವಾಗಿ ಕಳಿಸದೆ ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಅದು ಕುಗ್ಗುವುದಿಲ್ಲ. ಐಫೋನಿನವರು ಹೀಗೆ ಕಳಿಸಿದಾಗ ಫೋಟೊ ಹೆಚ್‌ಇಐಸಿ ರೂಪದಲ್ಲೇ ಹೋಗುವುದರಿಂದ ಶಾಲೆಯ ಹಳೇ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ಕ್ಯಾಮೆರಾ ಸೆಟ್ಟಿಂಗ್ಸ್‌ಗೆ ಹೋಗಿ ಫಾರ್ಮ್ಯಾಟ್ಸ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿಕೊಂಡರೆ ಜೆಪೆಗ್ ಬರುತ್ತದೆ. ಎಲ್ಲಕ್ಕಿಂತ ವಾಸಿ ಐದೂ ಪುಟಕ್ಕೆ ಒಂದೇ ಪಿಡಿಎಫ್, ಅದಕ್ಕೆ ಮಗುವಿನ ಹೆಸರು. ಇದನ್ನು ಗುಂಪಿನಲ್ಲಿ ನಾಲ್ಕು ಸಾಲಿನಲ್ಲಿ ಬರೆದು ಹಾಕುವ ಶಾಲೆ ಅಪರೂಪ. ‘ಫೋಟೊ ಸ್ಪಷ್ಟವಾಗಿಲ್ಲ, ಮತ್ತೆ ಕಳಿಸಿ’ ಎನ್ನುವ ಶಾಲೆ ಬೀದಿಗೆರಡು.

ಆಮೇಲೆ ಕರೆಂಟು. ಮನೆಗೆ ಯುಪಿಎಸ್ ಇದ್ದರೂ ಫೈಬರ್ ಪೆಟ್ಟಿಗೆಯನ್ನು ಅದಕ್ಕೆ ಸೇರದ ಪ್ಲಗ್ಗಿಗೆ ಚುಚ್ಚಿರುತ್ತಾರೆ. ದೀಪ ಉರಿಯುತ್ತದೆ, ಇಂಟರ್ನೆಟ್ ಇರುವುದಿಲ್ಲ. ರೌಟರಿಗೆಂದೇ ಪುಟ್ಟ ಯುಪಿಎಸ್ ಸಿಗುತ್ತದೆ. ಹೆಚ್ಚಿನವಕ್ಕೆ 12 ವೋಲ್ಟ್ ಬೇಕು, ಆದರೂ ಅಡಾಪ್ಟರ್ ಮೇಲೆ ಬರೆದದ್ದನ್ನು ಓದಿಯೇ ಕೊಳ್ಳಬೇಕು. ಫೈಬರ್ ಪೆಟ್ಟಿಗೆ, ರೌಟರ್ ಬೇರೆಬೇರೆ ಇದ್ದರೆ ಎರಡಕ್ಕೂ ಬೇಕು.

ಈ ಮಧ್ಯೆ ರಜೆಯ ಹೋಮ್‌ವರ್ಕ್ ಪಟ್ಟಿ ಬಂದಿರುತ್ತದೆ. ದಿನಕ್ಕೊಂದು ಪುಟ ಕಾಪಿ ರೈಟಿಂಗು, ಅಂದಂದೇ ಫೋಟೊ. ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಗೆ ತೆಗೆಯುವವರೆಗೆ ಓದಬಾರದು, ಬರೆಯಬಾರದು ಎನ್ನುವ ಮನೆಗಳು ಈ ಊರಿನಲ್ಲಿ ಇನ್ನೂ ಬೇಕಾದಷ್ಟಿವೆ. ಮಕ್ಕಳ ಪಾಲಿಗೆ ಅದೊಂದೇ ಶಾಸ್ತ್ರೋಕ್ತ ರಜೆ. ಪಟ್ಟಿ ಮಾಡುವವರು ಅದನ್ನೂ ಬಿಟ್ಟಿಲ್ಲ. ಅಂಥ ಮನೆಯವರು ಆ ದಿನಗಳ ಪುಟಗಳನ್ನು ಪೂಜೆಗೆ ಮುಂಚೆಯೇ ಬರೆಸಿ, ಫೋಟೊ ತೆಗೆದಿಟ್ಟುಕೊಂಡು ದಿನಕ್ಕೊಂದರಂತೆ ಕಳಿಸಬಹುದು. ಮೇಲೆ ಹಾಕಿಸುವ ದಿನಾಂಕ ಮಾತ್ರ ಸರಿಯಾಗಿರಲಿ.